ಇನ್ನೊಬ್ಬರು ಓದಿ ಕಲಿಯುವಂತೆ ಕೋಡ್ ಬರೆಯಿರಿ

ನಮ್ಮ ಟ್ರಸ್ಟ್‌ನ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಓದುವ ಮಕ್ಕಳೂ ಇದ್ದಾರೆ. ಅವರಿಗೂ, ನಾಳೆ ಆ ದಾರಿ ಹಿಡಿಯುವ ಹೈಸ್ಕೂಲ್ ಮಕ್ಕಳಿಗೂ ಈ ಚಿಕ್ಕ ಪಾಠ.

ಗಣಿತದಲ್ಲಿ ಉತ್ತರವಷ್ಟೇ ಸಾಲದು, ಹಂತಗಳನ್ನೂ ಬರೆಯಿರಿ ಎಂದು ಶಿಕ್ಷಕರು ಹೇಳುತ್ತಾರೆ. ಕೋಡ್‌ಗೂ ಅದೇ ನಿಯಮ. ಕಂಪ್ಯೂಟರ್ ಹೇಗೋ ಅರ್ಥ ಮಾಡಿಕೊಳ್ಳುತ್ತದೆ. ಮುಂದೆ ಅದನ್ನು ಓದುವವರು ಮಾತ್ರ ಮನುಷ್ಯರು.

ವಿದ್ಯಾರ್ಥಿವೇತನದ ಅರ್ಜಿಗಳನ್ನೇ ತೆಗೆದುಕೊಳ್ಳೋಣ. ಒಬ್ಬ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 550 ಪಡೆದಿದ್ದಾನೆ. ಬೇರೆ ಬೋರ್ಡಿನ ಹುಡುಗಿ 500ಕ್ಕೆ 450 ಪಡೆದಿದ್ದಾಳೆ. ಬರೀ ಅಂಕ ನೋಡಿದರೆ ಹುಡುಗ ಮುಂದೆ. ಶೇಕಡಾ ಲೆಕ್ಕ ಹಾಕಿದರೆ ಅವನದು 88, ಅವಳದು 90.

ಈ ಲೆಕ್ಕವನ್ನು ಪೈಥಾನ್‌ನಲ್ಲಿ ಹೀಗೆ ಬರೆಯಬಹುದು:

ಎ = ಬಿ * 100 / ಸಿ

ಉತ್ತರ ಸರಿ ಬರುತ್ತದೆ. ಆದರೆ ‘ಬಿ’ ಏನು, ‘ಸಿ’ ಏನು? ಹೀಗೆ ಬರೆದರೆ ಕೇಳುವ ಅಗತ್ಯವೇ ಇಲ್ಲ:

ಶೇಕಡಾ = ಪಡೆದ_ಅಂಕ * 100 / ಒಟ್ಟು_ಅಂಕ

2008ರಲ್ಲಿ ಬಂದ ಪೈಥಾನ್ 3ರಿಂದ ಇಂಥ ಹೆಸರುಗಳನ್ನು ಕನ್ನಡದಲ್ಲೂ ಇಡಬಹುದು. ಕೆಲಸದ ಜಾಗದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಹೆಸರುಗಳೇ ಬಳಕೆಯಲ್ಲಿವೆ. ಕಲಿಯುವಾಗ ಕನ್ನಡ ನೆರವಾಗುತ್ತದೆ.

ಇನ್ನು ಕಾಮೆಂಟ್, ಅಂದರೆ ಟಿಪ್ಪಣಿ. ಪೈಥಾನ್‌ನಲ್ಲಿ # ಗುರುತಿನ ನಂತರ ಆ ಸಾಲಿನಲ್ಲಿ ಬರೆದದ್ದನ್ನು ಕಂಪ್ಯೂಟರ್ ಬಿಟ್ಟುಬಿಡುತ್ತದೆ, ಅದು ಓದುಗರಿಗಾಗಿ.

# 100ರಿಂದ ಗುಣಿಸಿ ಭಾಗಿಸಿದೆ

ಇದರಿಂದ ಪ್ರಯೋಜನವಿಲ್ಲ, ಕೋಡ್ ಅದನ್ನೇ ಹೇಳುತ್ತಿದೆ.

# ಬೋರ್ಡ್‌ಗಳ ಒಟ್ಟು ಅಂಕ ಬೇರೆ ಬೇರೆ, ಆದ್ದರಿಂದ ಶೇಕಡಾಕ್ಕೆ ತಂದು ಹೋಲಿಸಿದೆ

ಇದು ಕಾರಣ ಹೇಳುತ್ತದೆ. ಈ ಸಾಲು ಇಲ್ಲದಿದ್ದರೆ ಮುಂದಿನ ವರ್ಷ ಯಾರಾದರೂ, ಈ ಲೆಕ್ಕ ಏಕೆ ಬೇಕು ಎಂದು ಅಳಿಸಿಬಿಡಬಹುದು. ಆಗ ಆ ಹುಡುಗಿಯ ಹೆಸರು ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಕಂಪ್ಯೂಟರ್ ಯಾವ ದೋಷವನ್ನೂ ತೋರಿಸುವುದಿಲ್ಲ.

ನೆನಪಿಡಬೇಕಾದ ಮೂರು ಮಾತು:

1. ಹೆಸರು ಅರ್ಥ ಹೇಳಲಿ.
2. ಟಿಪ್ಪಣಿ ‘ಏನು’ ಎನ್ನುವುದಕ್ಕಿಂತ ‘ಏಕೆ’ ಎಂಬುದನ್ನು ತಿಳಿಸಲಿ.
3. ಕೋಡ್ ಬದಲಿಸಿದ ದಿನವೇ ಟಿಪ್ಪಣಿಯನ್ನೂ ಬದಲಿಸಿ. ಹಳೆಯ ಟಿಪ್ಪಣಿ ದಾರಿ ತಪ್ಪಿಸುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ನಿಮಗೆ ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ. ಮಗ ಅಥವಾ ಮಗಳು ಬರೆದ ಟಿಪ್ಪಣಿಗಳನ್ನು ನಿಮ್ಮ ಮನೆಮಾತಿನಲ್ಲಿ ಹೇಳಲು ಕೇಳಿ. ಕಾರಣ ನಿಮಗೆ ತಿಳಿಯದಿದ್ದರೆ, ಇನ್ನೊಮ್ಮೆ ಬರೆಯಲು ಹೇಳಿ. ದಾನಿಗಳ ನೆರವಿನಿಂದ ಕಲಿತ ಒಬ್ಬರ ಕೋಡ್, ಹೀಗೆ ಮುಂದಿನ ತರಗತಿಯವರಿಗೆ ಪಾಠಪುಸ್ತಕವಾಗುತ್ತದೆ.