ಹರ್ಟ್ಜ್: ಯೂನಿಟ್ ಆಗೋ ಮೊದಲು ಒಂದು ಮನೆತನದ ಹೆಸರು

ಸಿಗ್ನಲ್ಸ್ ಕ್ಲಾಸಲ್ಲಿ ನಾವು ದಿನಾ ಬಳಸೋ ‘ಹರ್ಟ್ಜ್’ ಒಬ್ಬ ವಿಜ್ಞಾನಿಯ ಹೆಸರು ಅಂತ ಎಲ್ಲರಿಗೂ ಗೊತ್ತು. ಆ ಮನೆತನದ ಹೆಸರಿನ ಅರ್ಥವೇನು? ಅದು ಬ್ರಿಟನ್ ತಲುಪಿದ್ದು ಹೇಗೆ? ನೋಡೋಣ.

ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ಹೃದಯ ಎಂಬ ಅರ್ಥವಿದೆ. ಆದರೆ ಯಹೂದಿಗಳಲ್ಲಿ ಇದು ಹೆಚ್ಚಾಗಿ ‘ಹಿರ್ಷ್’, ಅಂದ್ರೆ ಜಿಂಕೆ ಎಂಬ ಪದಕ್ಕೆ ಸೇರಿದ ಹೆಸರು. ಅವರ ಧರ್ಮಗ್ರಂಥದಲ್ಲಿ ಯಾಕೋಬ ತನ್ನ ಮಗ ನಫ್ತಾಲಿಯನ್ನು ಜಿಂಕೆಗೆ ಹೋಲಿಸುತ್ತಾನೆ. ಹಾಗಾಗಿ ನಫ್ತಾಲಿ ಎಂಬುವರನ್ನು ಆಡುಮಾತಲ್ಲಿ ಹಿರ್ಷ್, ಹರ್ಟ್ಜ್ ಅಂತ ಕರೆಯೋದು ರೂಢಿಯಾಯ್ತು. ಮುಂದೆ ಅದೇ ಮನೆತನದ ಹೆಸರೂ ಆಯಿತು.

ಇಂಥ ಹೆಸರುಗಳು ಬ್ರಿಟನ್‌ಗೆ ಅಲೆ ಅಲೆಯಾಗಿ ಬಂದವು. 19ನೇ ಶತಮಾನದಲ್ಲಿ ಜರ್ಮನ್ ವ್ಯಾಪಾರಿಗಳು ಲಂಡನ್, ಮ್ಯಾಂಚೆಸ್ಟರ್, ಬ್ರಾಡ್‌ಫರ್ಡ್ ಸೇರಿದರು. 1881ರ ನಂತರ ರಷ್ಯಾ ಸಾಮ್ರಾಜ್ಯದ ಹಿಂಸೆಗೆ ಹೆದರಿದ ಯಹೂದಿಗಳು ಲಂಡನ್ನಿನ ಈಸ್ಟ್ ಎಂಡ್, ಲೀಡ್ಸ್‌ಗಳಲ್ಲಿ ನೆಲೆಸಿದರು. 1933ರಿಂದ ನಾಜಿಗಳ ಕಾಟಕ್ಕೆ ಊರು ಬಿಟ್ಟವರು ಬಂದರು. ಹೈನ್ರಿಖ್ ಹರ್ಟ್ಜ್ ಕ್ರೈಸ್ತರಾಗಿದ್ದರು. ಆದರೂ ಅವರ ತಂದೆಯ ಕಡೆಯ ಹಿರಿಯರು ಯಹೂದಿಗಳು ಎಂಬ ಕಾರಣಕ್ಕೆ ಮಗಳು, ಜೀವವಿಜ್ಞಾನಿ ಮಟಿಲ್ಡೆ, 1933ರಲ್ಲಿ ಬರ್ಲಿನ್‌ನಲ್ಲಿ ಪಾಠ ಮಾಡೋ ಹಕ್ಕು ಕಳೆದುಕೊಂಡರು. ಆಮೇಲೆ ಕೇಂಬ್ರಿಜ್ ಸೇರಿದರು.

ಹಾಗಾದರೆ ಬ್ರಿಟನ್ನಿನ ಪಟ್ಟಿಗಳಲ್ಲಿ ‘ಹರ್ಟ್ಜ್’ ಎಣಿಸಿದರೆ ಲೆಕ್ಕ ಮುಗೀತಾ? ಇಲ್ಲ. ಇಂಗ್ಲಿಷಲ್ಲಿ ‘ಹಾರ್ಟ್’ ಅಂದರೂ ಗಂಡು ಜಿಂಕೆಯೇ. ಕೆಲವು ಯಹೂದಿ ಕುಟುಂಬಗಳು ಆ ಹೆಸರಿಗೆ ಬದಲಾದವು. ಅದು ಅಲ್ಲಿನ ಮೂಲನಿವಾಸಿಗಳ ಹೆಸರೂ ಹೌದು, ಆದ್ದರಿಂದ ಹೆಸರೊಂದನ್ನೇ ನೋಡಿ ಮೂಲ ಹೇಳೋಕಾಗಲ್ಲ.

1960ರಲ್ಲಿ ಅಂತರರಾಷ್ಟ್ರೀಯ ಅಳತೆಗಳ ಸಮ್ಮೇಳನ ಆವರ್ತನದ ಏಕಮಾನಕ್ಕೆ ಹರ್ಟ್ಜ್ ಹೆಸರನ್ನೇ ಒಪ್ಪಿಕೊಂಡಿತು. ಒಂದು ದೇಶ ಆ ಮನೆತನದ ಮಗಳಿಗೆ ಪಾಠ ಮಾಡಬೇಡ ಅಂದಿತ್ತು. ಇವತ್ತು ಆ ಹೆಸರಿಲ್ಲದೆ ನಮ್ಮ ಒಂದು ಪಾಠವೂ ನಡೆಯಲ್ಲ.