ಸ್ಪರ್ಧಾ ಆಯೋಗ: ದೊಡ್ಡದಾಗುವುದು ತಪ್ಪೇ?

ಬಾಣಸವಾಡಿ ಮುಖ್ಯರಸ್ತೆಯ ಮೊಬೈಲ್ ಅಂಗಡಿಗೆ ಬಾರದ ಹೊಸ ಫೋನ್ ಆನ್‌ಲೈನಿನಲ್ಲಿ ಮಾತ್ರ ಸಿಕ್ಕರೆ ಅದು ನ್ಯಾಯವೇ? ಇಂಥದ್ದೇ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ (ಸಿಸಿಐ) 2020ರ ಜನವರಿ 13ರಂದು ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ದೂರು ದೆಹಲಿಯ ವ್ಯಾಪಾರಿ ಸಂಘದ್ದು. ಕಾನೂನು ಹೋರಾಟ ನಡೆದದ್ದು ಕರ್ನಾಟಕ ಹೈಕೋರ್ಟಿನಲ್ಲಿ. ತನಿಖೆಗೆ ಮೊದಲು ತಡೆ ಸಿಕ್ಕಿತಾದರೂ 2021ರ ಜೂನ್ 11ರಂದು ಏಕಸದಸ್ಯ ಪೀಠ, ಜುಲೈ 23ರಂದು ವಿಭಾಗೀಯ ಪೀಠ ಕಂಪನಿಗಳ ವಾದ ತಳ್ಳಿಹಾಕಿದವು.

2018ರಲ್ಲಿ ಫ್ಲಿಪ್‌ಕಾರ್ಟನ್ನು ವಾಲ್‌ಮಾರ್ಟ್ ಕೊಳ್ಳಲು ಒಪ್ಪಿಗೆ ಕೊಟ್ಟದ್ದೂ ಇದೇ ಆಯೋಗ. ಏಕಸ್ವಾಮ್ಯ ತಡೆಯಲೆಂದು ಹಿಂದೆ ಇದ್ದ 1969ರ ಎಂಆರ್‌ಟಿಪಿ ಕಾಯ್ದೆ ಕಂಪನಿಯ ಗಾತ್ರವನ್ನೇ ಶಂಕಿಸುತ್ತಿತ್ತು; 2002ರ ಸ್ಪರ್ಧಾ ಕಾಯ್ದೆಗೆ ಗಾತ್ರ ತಪ್ಪಲ್ಲ, ಬಲದ ದುರುಪಯೋಗ ತಪ್ಪು. ಈ ವ್ಯತ್ಯಾಸ ಚೆನ್ನಾಗಿ ಮನದಟ್ಟಾಗಲಿ. ಸ್ಪರ್ಧಾ ಕಾಯ್ದೆಯ 2023ರ ತಿದ್ದುಪಡಿಯಿಂದ, ಇಂಥ ಖರೀದಿ, ವಿಲೀನಗಳನ್ನು ಆಯೋಗ ಪರಿಶೀಲಿಸುವ ಗಡುವು 210ರಿಂದ 150 ದಿನಕ್ಕೆ ಇಳಿದಿದೆ.