ಪಾತ್ರಧಾರಣೆಯ ಆಟಗಳು ಮತ್ತು ಸ್ತ್ರೀ ಅಭಿರುಚಿ: ಒಂದು ಮರುಚಿಂತನೆ

ಮೇಜಿನ ಸುತ್ತ ಕುಳಿತ ನಾಲ್ಕಾರು ಮಂದಿ ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿಕೊಂಡು, ನಿರೂಪಕರು ಮುಂದಿಡುವ ಸನ್ನಿವೇಶಗಳಿಗೆ ಮಾತಿನಲ್ಲೇ ಸ್ಪಂದಿಸುತ್ತ, ಅನಿಶ್ಚಿತವಾದುದನ್ನು ದಾಳ ಉರುಳಿಸಿ ನಿರ್ಧರಿಸುತ್ತ ಕಥೆ ಕಟ್ಟುವ ಆಟವೇ ‘ರೋಲ್ ಪ್ಲೇಯಿಂಗ್ ಗೇಮ್’. ವೇಷವಿಲ್ಲದೆ ಕುಳಿತು ಆಶುಮಾತಿನಿಂದ ಪಾತ್ರವನ್ನು ರೂಪಿಸುವ ದೃಷ್ಟಿಯಿಂದ ಇದು ತಾಳಮದ್ದಳೆಯನ್ನು ನೆನಪಿಸುತ್ತದೆ. ಆದರೆ ಇಲ್ಲಿ ಪ್ರಸಂಗದ ಅಂತ್ಯ ಮೊದಲೇ ತಿಳಿದಿರುವುದಿಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಗುವುದರೊಂದಿಗೆ ಈ ಪ್ರಕಾರ ನೆಲೆಗೊಂಡಿತು. ಸ್ತ್ರೀಯರು ಈ ಆಟಗಳಲ್ಲಿ ಕಾಳಗಕ್ಕಿಂತ ಕಥೆಯನ್ನು, ಗೆಲುವಿಗಿಂತ ಪಾತ್ರಗಳ ನಡುವಣ ಸಂಬಂಧವನ್ನು ಬಯಸುತ್ತಾರೆ ಎಂಬ ಅಭಿಪ್ರಾಯ ಅಂದಿನಿಂದಲೂ ರೂಢಿಯಲ್ಲಿದೆ. ಇದು ಸಹಜ ಅಭಿರುಚಿಯೋ, ದೊರೆತ ಅವಕಾಶದ ಫಲವೋ ಎಂಬುದು ಪರಿಶೀಲನಾರ್ಹ.

ಮೊದಲಿಗೆ ನಿಯಮಗಳನ್ನು ಗಮನಿಸಬೇಕು. 1976ರಲ್ಲಿ ‘ದಿ ಡ್ರ್ಯಾಗನ್’ ಪತ್ರಿಕೆಯಲ್ಲಿ ಬಂದ ಲೆನ್ ಲಕೋಫ್ಕಾ ಅವರ ಲೇಖನವು ಸ್ತ್ರೀಪಾತ್ರಗಳಿಗೆ ವ್ಯಕ್ತಿತ್ವದ ಪ್ರಭಾವವನ್ನು ಅಳೆಯುವ ಅಂಕದ ಬದಲು ‘ಸೌಂದರ್ಯ’ದ ಅಂಕವನ್ನು ಸೂಚಿಸಿತು. 1978ರ ನಿಯಮಗ್ರಂಥವು ಸ್ತ್ರೀಯೋಧೆಯ ದೇಹಬಲಕ್ಕೆ ಪುರುಷ ಯೋಧನಿಗಿಂತ ಕಡಿಮೆ ಮಿತಿಯನ್ನು ವಿಧಿಸಿತು. 1989ರ ಎರಡನೆಯ ಆವೃತ್ತಿಯವರೆಗೂ ಈ ಮಿತಿ ಉಳಿದಿತ್ತು. ಕತ್ತಿ ಹಿಡಿದ ಸ್ತ್ರೀಪಾತ್ರಕ್ಕೆ ನಿಯಮವೇ ಅಡ್ಡ ನಿಂತಿದ್ದಾಗ, ಆಟಗಾರ್ತಿಯು ಮಾತಿನ ಕಡೆಗೆ ಒಲಿದರೆ ಅದನ್ನು ಕೇವಲ ಸ್ವಭಾವವೆಂದು ಕರೆಯಲಾಗದು.

ಎರಡನೆಯದು ಆಟದ ಮೇಜಿನ ಸಾಮಾಜಿಕತೆ. ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಅವರು ‘ಶೇರ್ಡ್ ಫ್ಯಾಂಟಸಿ’ (1983) ಕೃತಿಯಲ್ಲಿ ಸ್ತ್ರೀಯರ ವಿರಳತೆಯನ್ನು ಚರ್ಚಿಸುವಾಗ ಸ್ವಭಾವದ ವಿವರಣೆಗಷ್ಟೇ ನಿಲ್ಲಲಿಲ್ಲ. ಮೇಜಿನಲ್ಲಿ ಅವರಿಗೆ ಎದುರಾಗುತ್ತಿದ್ದ ವರ್ತನೆಯನ್ನೂ, ಆಟಕ್ಕೆ ಹೊಸಬರನ್ನು ಕರೆತರುತ್ತಿದ್ದ ಸ್ನೇಹವಲಯವನ್ನೂ ಅವರು ಪರಿಗಣಿಸಿದರು. ಆಹ್ವಾನವೇ ಇಲ್ಲದೆಡೆ ಆಯ್ಕೆಯ ಮಾತು ಅರ್ಥ ಕಳೆದುಕೊಳ್ಳುತ್ತದೆ.

ಮೂರನೆಯದಾಗಿ, ಕಥಾಸಕ್ತಿ ಸ್ತ್ರೀಯರಿಗಷ್ಟೇ ಸೀಮಿತವಲ್ಲ. ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು 1999ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಪ್ರತಿ ತಿಂಗಳೂ ಆಡುವವರ ಪೈಕಿ ಸ್ತ್ರೀಯರು ಶೇ. 19ರಷ್ಟಿದ್ದರು. ಬಹುಪಾಲು ಪುರುಷರಿದ್ದ ಆ ಸಮುದಾಯದಲ್ಲಿಯೂ ಕಥೆಯನ್ನು ಬಯಸುವವರು ಕಾಳಗವನ್ನು ಬಯಸುವವರಷ್ಟೇ ಪ್ರಮುಖ ವರ್ಗವಾಗಿ ಕಂಡುಬಂದರು. ಇದಕ್ಕೆ ಪ್ರತಿಯಾಗಿ ಸ್ತ್ರೀಯರಲ್ಲಿಯೂ ನಿಯಮಪ್ರಿಯರಿದ್ದರು. 1975ರಿಂದ 2025ರವರೆಗೆ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಪತ್ರಿಕೆಯನ್ನು ನಡೆಸಿದ ಲೀ ಗೋಲ್ಡ್ ಅವರ ‘ಲ್ಯಾಂಡ್ ಆಫ್ ದಿ ರೈಸಿಂಗ್ ಸನ್’ (1980) ಜಟಿಲ ನಿಯಮಗಳಿಂದಲೇ ಹೆಸರಾದ ಆಟ.

ಹಾಗೆಂದು ಕಥಾಪ್ರಧಾನ ಆಟಗಳ ಮಹತ್ವವನ್ನು ಕಡೆಗಣಿಸುವಂತಿಲ್ಲ. 1991ರ ‘ವ್ಯಾಂಪೈರ್: ದಿ ಮಾಸ್ಕರೇಡ್’ ಅನೇಕ ಸ್ತ್ರೀಯರನ್ನು ಈ ಹವ್ಯಾಸದತ್ತ ಸೆಳೆಯಿತೆಂಬ ಮಾತಿದೆ. ಎಮಿಲಿ ಕೇರ್ ಬಾಸ್ ಅವರ ‘ಬ್ರೇಕಿಂಗ್ ದಿ ಐಸ್’ (2005) ಇಬ್ಬರ ಪ್ರಣಯದ ಮೊದಲ ಭೇಟಿಗಳನ್ನೇ ಆಟದ ವಸ್ತುವಾಗಿಸಿತು. ಆದರೆ 2020ರ ವೇಳೆಗೆ, ಪ್ರಕಾಶಕರ ಲೆಕ್ಕದಂತೆ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವವರಲ್ಲಿಯೇ ಸ್ತ್ರೀಯರ ಪಾಲು ಸುಮಾರು ಶೇ. 40ಕ್ಕೆ ಏರಿತ್ತು. ಅದು ಇಂದಿಗೂ ಕಾಳಗಪ್ರಧಾನವಾದ ಆಟ ಎಂಬುದನ್ನು ಮರೆಯಬಾರದು.

ಒಟ್ಟಿನಲ್ಲಿ, ‘ಸ್ತ್ರೀ ಅಭಿರುಚಿ’ ಎಂದು ಹೆಸರಿಸಲಾದುದರಲ್ಲಿ ನಿಯಮದ ಮಿತಿ, ಮೇಜಿನ ವರ್ತನೆ, ಆಹ್ವಾನದ ಕೊರತೆ ಇವು ಬೆರೆತಿವೆ. ಇವುಗಳನ್ನು ಬೇರ್ಪಡಿಸಿ ನೋಡದೆ ಮಾಡುವ ವರ್ಗೀಕರಣವು ಹಳೆಯ ಅಡ್ಡಗೋಡೆಗೆ ಹೊಸ ಹೆಸರಿಟ್ಟಂತಾಗುತ್ತದೆ.